ಅಂಚೆಯಲ್ಲಿ ಹೆಜ್ಜೆ ಕಳಿಸಿದ ಆರ್ಥರ್ ಮರ್ರೆ



ಈ ವರ್ಷದ ಇ-ಪುಸ್ತಕಕ್ಕೆ ಹೆಸರಾಂತ ವ್ಯಕ್ತಿಯೊಬ್ಬರ ಜೀವನದ ಬಗ್ಗೆ ಬರೆದುಕೊಡು ಅಂತ ಸಂಪಾದಕರು ಕೇಳುವ ಹೊತ್ತಿಗೆ ವಿಶ್ವೇಶ್ವರಯ್ಯ, ಕುವೆಂಪು, ಗಂಗೂಬಾಯಿ ಹಾನಗಲ್ ಎಲ್ಲರನ್ನೂ ಬೇರೆಯವರು ಆಗಲೇ ಕಾದಿರಿಸಿಬಿಟ್ಟಿದ್ದರು. ಹಾಗಾಗಿ ನಾನು ಆರಿಸಿಕೊಂಡಿದ್ದು ನಮ್ಮಲ್ಲಿ ಹೆಚ್ಚಿನವರು ಹೆಸರೂ ಕೇಳಿರದ ಒಬ್ಬರನ್ನು. ಆದರೆ ಅಮೆರಿಕದಲ್ಲಿ ನಮ್ಮ ಅಜ್ಜ ಅಜ್ಜಿ ವಯಸ್ಸಿನವರನ್ನು ಕೇಳಿ ನೋಡಿ, ಹೆಸರು ಕೇಳಿದ ಕೂಡಲೇ ನಗುತ್ತಾರೆ. ಅವರ ಪರಿಚಯ ನನಗಾಗಿದ್ದು ಹೇಗೆ ಅಂತ ಮೊದಲು ಹೇಳಿಬಿಡ್ತೀನಿ.

ಸಮರ್‌ಸೆಟ್‌ನಲ್ಲಿ ಅದು ನನ್ನ ಮೊದಲ ಚಳಿಗಾಲ. ಸಂಜೆ ನಾಲ್ಕೂವರೆಗೇ ಕತ್ತಲು. ರೂಮ್‌ಮೇಟ್ ಇಡೀ ದಿನ ಲ್ಯಾಬ್‌ನಲ್ಲಿ. ಒಂದು ಭಾನುವಾರ ಕೂತು ಲೆಕ್ಕ ಹಾಕಿದೆ, ಅಂಗಡಿಯವನಿಗೆ ಥ್ಯಾಂಕ್ಸ್ ಅಂದಿದ್ದು ಬಿಟ್ಟರೆ ಮೂರು ದಿನದಿಂದ ಯಾರ ಜತೆಗೂ ಎದುರಾಬದುರು ಮಾತಾಡಿಲ್ಲ. ಜೂನ್ ತಿಂಗಳಲ್ಲಿ ಸಹಪಾಠಿಯೊಬ್ಬನ ಮದುವೆ ಬೇರೆ ಇತ್ತು. ಅಲ್ಲಿ ಎಲ್ಲರೂ ಜೋಡಿಯಾಗಿ ಕುಣೀತಾರಂತೆ. ನಮ್ಮೂರು ಹಾಸನದಲ್ಲಿ ಗಣಪತಿ ಬಿಡೋವಾಗ ಕುಣಿದಿದ್ದು ಬಿಟ್ಟರೆ ನನಗೆ ಡಾನ್ಸ್ ಅಂದರೆ ಗೊತ್ತಿಲ್ಲ. ಅವತ್ತೇ ಒಂದು ಆನ್‌ಲೈನ್ ಬಾಲ್‌ರೂಂ ಡಾನ್ಸ್ ಕ್ಲಾಸಿಗೆ ಹೆಸರು ಕೊಟ್ಟೆ.

ಮೊದಲ ಪಾಠದ ಮುಂಚೆ ಮೇಲ್‌ನಲ್ಲಿ ಒಂದು ಹಾಳೆ ಬಂತು. ಅದರಲ್ಲಿ ಎಡಪಾದ, ಬಲಪಾದದ ಚಿತ್ರಗಳು, ಮೇಲೆ 1, 2, 3 ಅಂತ ಅಂಕಿ. ಪ್ರಿಂಟ್ ತೆಗೆದು, ಕತ್ತರಿಸಿ, ಕಾರ್ಪೆಟ್ ಮೇಲೆ ಟೇಪ್ ಹಾಕಿ ಅಂಟಿಸಬೇಕು. ಅಂಟಿಸಿ ಮುಗಿಸೋ ಹೊತ್ತಿಗೆ ಅಮ್ಮನ ವೀಡಿಯೊ ಕಾಲ್. ನೆಲದ ಮೇಲೆ ಪಾದಗಳನ್ನು ನೋಡಿ ಅವರು ಕೇಳಿದ್ದು, ಇದೇನೋ, ಜನವರೀಲಿ ಕೃಷ್ಣಾಷ್ಟಮಿ ಮಾಡ್ತಿದ್ದೀಯ ಅಂತ. ನಿಮಗೂ ಗೊತ್ತಲ್ಲ, ಅಕ್ಕಿಹಿಟ್ಟು ಕಲಸಿದ ನೀರಲ್ಲಿ ಮುಷ್ಟಿ ಅದ್ದಿ ನೆಲಕ್ಕೊತ್ತಿ, ಬೆರಳ ತುದಿಯಿಂದ ಐದು ಚುಕ್ಕಿ ಇಟ್ಟರೆ ಪುಟ್ಟ ಕೃಷ್ಣನ ಪಾದ. ಹೊಸ್ತಿಲಿಂದ ದೇವರ ಮನೆವರೆಗೆ ಸಾಲಾಗಿ ಇಟ್ಟರೆ ಬಾರದಿದ್ದವನು ಬಂದ ಹಾಗೆ.

ನನ್ನ ಕಾರ್ಪೆಟ್ ಮೇಲಿನ ಪಾದಗಳು ಯಾರವು ಅಂತ ಹುಡುಕುತ್ತಾ ಹೋದೆ. ಸಿಕ್ಕಿದವರು ಆರ್ಥರ್ ಮರ್ರೆ. ಜೂಮ್ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ದೂರದಿಂದ ಡಾನ್ಸ್ ಕಲಿಸಿದವರು ಅವರು.

ನಾಚಿಕೆಯ ಹುಡುಗ

ಅವರ ಹುಟ್ಟುಹೆಸರು ಮೋಸೆಸ್ ಟೈಕ್‌ಮನ್. ಹುಟ್ಟಿದ್ದು 1895ರ ಏಪ್ರಿಲ್ 4ರಂದು, ಗಲೀಷಿಯಾ ಪ್ರಾಂತ್ಯದ ಒಂದು ಚಿಕ್ಕ ಊರಿನ ಯಹೂದಿ ಕುಟುಂಬದಲ್ಲಿ. ಆಗ ಅದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯ, ಈಗ ಆ ಊರು ಉಕ್ರೇನ್‌ನಲ್ಲಿದೆ. 1897ರಲ್ಲಿ, ಮಗುವಿಗಿನ್ನೂ ಎರಡು ವರ್ಷ, ತಾಯಿ ಎತ್ತಿಕೊಂಡು ಹಡಗು ಹತ್ತಿ ನ್ಯೂಯಾರ್ಕ್‌ಗೆ ಬಂದರು. ಮನೆ ಮ್ಯಾನ್‌ಹ್ಯಾಟನ್‌ನ ಲೋಯರ್ ಈಸ್ಟ್ ಸೈಡ್‌ನ ಲಡ್ಲೋ ಬೀದಿಯಲ್ಲಿ. ಇವತ್ತು ಅಲ್ಲಿ ಕಾಫಿಗೆ ಏಳು ಡಾಲರ್ ಕೊಟ್ಟು ಸೆಲ್ಫಿ ತಗೊಂಡು ಬರ್ತೀವಿ. ಆಗ ಅದು ಹೊಸದಾಗಿ ಬಂದ ಬಡ ವಲಸಿಗರು ಒಬ್ಬರ ಮೇಲೊಬ್ಬರು ಬಿದ್ದಹಾಗೆ ಬದುಕುತ್ತಿದ್ದ ಜಾಗ.

ಹುಡುಗ ಉದ್ದಕ್ಕೆ ಬೆಳೆದ, ಸಣಕಲ, ತನ್ನ ಮೈಕಟ್ಟಿನ ಬಗ್ಗೆ ತನಗೇ ಸಂಕೋಚ. ಹುಡುಗಿಯರ ಜತೆ ಮಾತಾಡೋಕೆ ಭಯ. ಡಾನ್ಸ್ ಬಂದರೆ ಎಲ್ಲರೂ ತನ್ನನ್ನು ಸೇರಿಸಿಕೊಳ್ಳುತ್ತಾರೆ ಅಂತ ಅವನಿಗೆ ಅನ್ನಿಸಿತ್ತು. ಹದಿನಾಲ್ಕನೇ ವಯಸ್ಸಿಗೆ ಸ್ನೇಹಿತರಿಂದ ಒಂದಷ್ಟು ಹೆಜ್ಜೆ ಕಲಿತ. ಕಲಿತಿದ್ದನ್ನು ಅಭ್ಯಾಸ ಮಾಡೋಕೆ ಜೋಡಿ ಎಲ್ಲಿ ಸಿಗಬೇಕು? ಅದಕ್ಕೆ ಅವನು ಕಂಡುಕೊಂಡ ಉಪಾಯ ನೋಡಿ: ಆಸುಪಾಸಿನಲ್ಲಿ ನಡೆಯುವ ಮದುವೆಗಳಿಗೆ ಹೋಗಿಬಿಡೋದು. ಅಲ್ಲಿ ದಪ್ಪಗಿರುವವರು, ತೆಳ್ಳಗಿರುವವರು, ಕುಳ್ಳಗಿರುವವರು, ಎತ್ತರದವರು, ಎಲ್ಲ ತರಹದ ಜೋಡಿಗಳೂ ಸಿಗುತ್ತಿದ್ದರು. ಒಬ್ಬೊಬ್ಬರ ನಡಿಗೆಯೂ ಬೇರೆ. ಪುಸ್ತಕದಲ್ಲಿ ಸಿಗದ ಪಾಠ ಅದು. ಈ ಮದುವೆ ವಿಷಯ ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬರುತ್ತೆ.

ಶಾಲೆ ಮುಗಿದ ಮೇಲೆ ಹಗಲು ಡ್ರಾಫ್ಟ್ಸ್‌ಮನ್ ಕೆಲಸ, ಅಂದರೆ ಕಟ್ಟಡಗಳ ನಕ್ಷೆ ಬರೆಯೋದು. ರಾತ್ರಿ ಡಾನ್ಸ್ ಹಾಲ್‌ನಲ್ಲಿ ಪಾಠ ಹೇಳೋದು. ಆ ಕಾಲದಲ್ಲಿ ನ್ಯೂಯಾರ್ಕ್‌ನಲ್ಲಿ ವರ್ನನ್ ಮತ್ತು ಐರೀನ್ ಕ್ಯಾಸಲ್ ದಂಪತಿ ಬಾಲ್‌ರೂಂ ಡಾನ್ಸ್‌ಗೆ ಬಹಳ ದೊಡ್ಡ ಹೆಸರು. ಅವರ ಕ್ಯಾಸಲ್ ಹೌಸ್ ಎಂಬ ಶಾಲೆಯಲ್ಲಿ ಯುವಕ ಮೋಸೆಸ್ ತರಬೇತಿ ಪಡೆದ. ಆಮೇಲೆ ನಾರ್ತ್ ಕೆರೊಲೈನಾದ ಆಶ್‌ವಿಲ್‌ಗೆ ಹೋಗಿ, ಅಲ್ಲಿನ ದೊಡ್ಡ ಹೋಟೆಲಿನಲ್ಲಿ ಶ್ರೀಮಂತ ಅತಿಥಿಗಳಿಗೆ ಡಾನ್ಸ್ ಕಲಿಸತೊಡಗಿದ. ಅಷ್ಟರಲ್ಲಿ ಯೂರೋಪಿನಲ್ಲಿ ಮೊದಲ ಮಹಾಯುದ್ಧ ಶುರುವಾಗಿತ್ತು. ಟೈಕ್‌ಮನ್ ಅನ್ನೋದು ಕಿವಿಗೆ ಜರ್ಮನ್ ಹೆಸರಿನ ಹಾಗೆ ಕೇಳಿಸುತ್ತೆ, ಅಂಥ ಹೆಸರಿಟ್ಟುಕೊಂಡರೆ ಜನ ಅನುಮಾನದಿಂದ ನೋಡುವ ಕಾಲ. ಹಾಗೆ ಮೋಸೆಸ್ ಟೈಕ್‌ಮನ್ ಹೋಗಿ ಆರ್ಥರ್ ಮರ್ರೆ ಆದರು.

ಇಲ್ಲಿಗೆ ಬಂದ ಮೇಲೆ ನಮ್ಮ ಹೆಸರನ್ನು ಕಾಫಿ ಕಪ್ಪಿನ ಮೇಲೆ ಚಿಕ್ಕದು ಮಾಡಿ ಬರೆಸಿಕೊಳ್ಳುವ ನಮಗೆ ಇದು ಅರ್ಥವಾಗದ್ದೇನಲ್ಲ. ನಾವು ಮಾತ್ರ ಅಂಗಡಿಯಿಂದ ಆಚೆ ಬಂದ ಕೂಡಲೇ ಹಳೇ ಹೆಸರಿಗೆ ವಾಪಸ್. ಅವರು ಹಾಗೆ ವಾಪಸ್ ಹೋಗಲಿಲ್ಲ.

ರೇಡಿಯೊದಲ್ಲಿ ಬಂದ ಬ್ಯಾಂಡು

1919ರಲ್ಲಿ ಮರ್ರೆ ಅಟ್ಲಾಂಟಾಕ್ಕೆ ಹೋಗಿ ಜಾರ್ಜಿಯಾ ಟೆಕ್‌ನಲ್ಲಿ ವ್ಯಾಪಾರ ಆಡಳಿತ ಓದಲು ಸೇರಿದರು. ಹೌದು, ನಮ್ಮಲ್ಲಿ ಅರ್ಧದಷ್ಟು ಜನ ಅರ್ಜಿ ಹಾಕಿದ್ದ ಅದೇ ಜಾರ್ಜಿಯಾ ಟೆಕ್. ಓದಿನ ಜತೆಗೆ ಜಾರ್ಜಿಯನ್ ಟೆರೇಸ್ ಹೋಟೆಲಿನಲ್ಲಿ ಡಾನ್ಸ್ ಪಾಠ. ವಾರಕ್ಕೆ ಇಪ್ಪತ್ತು ಗಂಟೆ, ಅದೂ ಕ್ಯಾಂಪಸ್ ಒಳಗೇ ಅನ್ನೋ ನಮ್ಮ ಎಫ್-1 ವೀಸಾದ ಕಟ್ಟುಪಾಡು ಅವರಿಗಿರಲಿಲ್ಲ. ಮಕ್ಕಳ ತರಗತಿಗಳಂತೂ ತುಂಬಿ ತುಳುಕಿದವು. ಒಬ್ಬ ಕಾಲೇಜು ವಿದ್ಯಾರ್ಥಿ ವರ್ಷಕ್ಕೆ 15,000 ಡಾಲರ್ ಸಂಪಾದಿಸುತ್ತಿದ್ದಾನೆ ಅಂತ 1920ರಲ್ಲಿ ಫೋರ್ಬ್ಸ್ ಪತ್ರಿಕೆ ಅವರ ಬಗ್ಗೆ ಬರೆಯಿತು.

ಅದೇ 1920ರಲ್ಲಿ ಅವರು ಮಾಡಿದ ಒಂದು ಪ್ರಯೋಗ ಓದಿ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಕಾಲೇಜಿನ ಬ್ಯಾಂಡ್ ತಂಡ ಜಾರ್ಜಿಯಾ ಟೆಕ್ ಆವರಣದಲ್ಲಿ ಕೂತು ನುಡಿಸಿತು. ಕುಣಿದವರು ಅಲ್ಲಿರಲಿಲ್ಲ. ಅವರು ಊರ ಮಧ್ಯದ ಕ್ಯಾಪಿಟಲ್ ಸಿಟಿ ಕ್ಲಬ್ಬಿನ ತಾರಸಿ ಮೇಲಿದ್ದರು, ಸುಮಾರು 150 ಜನ, ಹೆಚ್ಚಿನವರು ವಿದ್ಯಾರ್ಥಿಗಳೇ. ಸಂಗೀತ ರೇಡಿಯೊ ಅಲೆಯಲ್ಲಿ ಅಲ್ಲಿಗೆ ಬಂತು. ಮನೆಮನೆಗೆ ರೇಡಿಯೊ ಬರುವ ಮುಂಚಿನ ಮಾತು ಇದು. ಜಗತ್ತಿನ ಮೊದಲ ರೇಡಿಯೊ ಡಾನ್ಸ್ ಅಂತ ಇದನ್ನು ಇವತ್ತಿಗೂ ಕರೀತಾರೆ.

ಈಗ ನಾವು ವರ್ಚುವಲ್ ಅಂತ ಕರೆಯೋದು ಇದನ್ನೇ ಅಲ್ಲವಾ? ಆದರೆ ಒಂದು ವ್ಯತ್ಯಾಸ ಗಮನಿಸಿ. ಅಟ್ಲಾಂಟಾದಲ್ಲಿ ಬ್ಯಾಂಡು ದೂರ ಇತ್ತು, ಕುಣಿಯುವವರು ಒಟ್ಟಿಗಿದ್ದರು. ಒಂದೇ ಹಾಡು ಎಲ್ಲರ ಕಿವಿಗೂ ಒಂದೇ ಸಲ ಬೀಳುತ್ತಿತ್ತು, ಕೈ ಹಿಡಿಯೋಕೆ ಎದುರಿಗೆ ಜೋಡಿ ಇತ್ತು. ನಮ್ಮ ವೀಡಿಯೊ ಕ್ಲಾಸ್‌ನಲ್ಲಿ ಪ್ರತಿಯೊಬ್ಬರೂ ದೂರ. ಹಾಡು ಒಬ್ಬೊಬ್ಬರ ಮನೆಗೆ ಒಂದೊಂದು ಕ್ಷಣ ತಡವಾಗಿ ಮುಟ್ಟುತ್ತೆ. ಟೀಚರ್ ನಮ್ಮನ್ನೆಲ್ಲ ಮ್ಯೂಟ್ ಮಾಡಿದರೇ ಪಾಠ ನಡೆಯೋದು. ಪರದೆಯಲ್ಲಿ ಎಲ್ಲರೂ ಒಬ್ಬರಿಗೊಬ್ಬರು ತಾಳ ತಪ್ಪಿದ ಹಾಗೆ ಕಾಣ್ತಾರೆ, ಅವರವರ ಮನೆಯಲ್ಲಿ ಮಾತ್ರ ಎಲ್ಲರೂ ಸರಿಯಾಗೇ ಇರ್ತಾರೆ.

ಎಡಗಾಲು ಈಗ, ಬಲಗಾಲು ದುಡ್ಡು ಬಂದ ಮೇಲೆ

ಅಂಚೆ ಪಾಠದ ಯೋಚನೆ ಹೊಳೆದಿದ್ದರ ಹಿಂದೆ ಒಂದು ತಮಾಷೆಯ ಕಥೆ ಇದೆ. ಆ ಕಾಲದ ದೊಡ್ಡ ರಾಜಕಾರಣಿ ವಿಲಿಯಂ ಜೆನಿಂಗ್ಸ್ ಬ್ರಯನ್, ಮೂರು ಸಲ ಅಧ್ಯಕ್ಷ ಚುನಾವಣೆಗೆ ನಿಂತು ಸೋತವರು, ಅಟ್ಲಾಂಟಾದ ಅದೇ ಹೋಟೆಲಿನಲ್ಲಿ ಮರ್ರೆಗೆ ಸಿಕ್ಕರು. ಪಾಠದ ಫೀಸು ವಸೂಲಿ ಮಾಡೋದು ಹೇಗೆ ಅನ್ನೋ ಮಾತು ಬಂದಾಗ ಬ್ರಯನ್ ನಗೆಚಾಟಿಕೆಗೆ ಒಂದು ದಾರಿ ಹೇಳಿಕೊಟ್ಟರಂತೆ: ಮೊದಲು ಎಡಗಾಲಿನ ಹೆಜ್ಜೆ ಮಾತ್ರ ಕಲಿಸು, ದುಡ್ಡು ಕೈಗೆ ಬರುವವರೆಗೂ ಬಲಗಾಲಿನ ವಿಷಯ ಎತ್ತಬೇಡ. ಬ್ರಯನ್ ಹೇಳಿ ಮರೆತಿರಬಹುದು. ಮರ್ರೆ ತಲೆಯಲ್ಲಿ ಮಾತ್ರ ಅದು ಕೂತುಬಿಟ್ಟಿತು. ಎಡ, ಬಲ ಅಂತ ಒಂದೊಂದೇ ಪಾದವನ್ನು ಬಿಡಿಸಿ ಹೇಳಬಹುದು ಅಂದಮೇಲೆ, ಕಾಗದದ ಮೇಲೆ ಬರೆದು ಅಂಚೆಯಲ್ಲೇ ಯಾಕೆ ಕಳಿಸಬಾರದು?

ನಕ್ಷೆ ಬರೆದ ಕೈ ಇಲ್ಲಿ ಉಪಯೋಗಕ್ಕೆ ಬಂತು ಅಂತ ನನಗನ್ನಿಸುತ್ತೆ. ಮನೆಯ ಪ್ಲಾನ್ ಅಂದರೆ ಮೇಲಿಂದ ಕೆಳಗೆ ನೋಡಿದ ನೆಲ. ಮರ್ರೆಯ ಹೆಜ್ಜೆಚಿತ್ರವೂ ಅಷ್ಟೇ, ಕುಣಿಯುವವರನ್ನು ತೆಗೆದುಹಾಕಿ ನೆಲವನ್ನು ಮಾತ್ರ ಉಳಿಸಿಕೊಂಡ ಚಿತ್ರ. ಯಾವ ಕಾಲು ಮೊದಲು, ಅದು ಎತ್ತ ಹೋಗಬೇಕು, ಮುಂದಿನದು ಯಾವುದು, ಎಲ್ಲ ಅಂಕಿಯಲ್ಲಿ. ಹಳ್ಳಿಯ ಮನೆಯಲ್ಲಿ ಕೂತವರು ಬಾಗಿಲು ಹಾಕಿಕೊಂಡು, ಯಾರೂ ನಗದ ಹಾಗೆ, ತಮ್ಮ ಪಾಡಿಗೆ ತಾವು ಕಲೀಬಹುದು.

ಜಾಹೀರಾತಿನಲ್ಲೂ ಅವರು ಅದನ್ನೇ ಹಿಡಿದರು. ಪಾರ್ಟಿಯಲ್ಲಿ ಗೋಡೆಗೆ ಒರಗಿ ನಿಲ್ಲುವ ನಾಚಿಕೆಯ ಮನುಷ್ಯ ಗುಟ್ಟಾಗಿ ಅಂಚೆಯಲ್ಲಿ ಡಾನ್ಸ್ ಕಲಿತು, ಒಂದೇ ರಾತ್ರಿಯಲ್ಲಿ ಎಲ್ಲರ ಕಣ್ಮಣಿಯಾದ ಅನ್ನೋ ತರಹದ ಕಥೆ. ಆ ಮನುಷ್ಯ ಯಾರು ಅಂತ ಬೇರೆ ಹೇಳಬೇಕಿಲ್ಲ, ಲಡ್ಲೋ ಬೀದಿಯ ಹುಡುಗನೇ. ಕೆಲವೇ ವರ್ಷಗಳಲ್ಲಿ 5 ಲಕ್ಷಕ್ಕೂ ಹೆಚ್ಚು ಅಂಚೆ ಪಾಠಗಳು ಮಾರಾಟವಾದವು.

ಆ ಹೆಜ್ಜೆಗಳಲ್ಲಿ ಒಂದನ್ನು ನಿಮಗೂ ಹೇಳಿಕೊಡ್ತೀನಿ, ಖರ್ಚಿಲ್ಲ. ಮರ್ರೆ ಶಾಲೆಗಳು ಇದನ್ನು ಮ್ಯಾಜಿಕ್ ಸ್ಟೆಪ್ ಅಂತ ಕರೆದವು, ಫಾಕ್ಸ್‌ಟ್ರಾಟ್‌ನ ಮೊದಲ ಪಾಠ. ಎಡಗಾಲು ಮುಂದೆ, ನಿಧಾನ. ಬಲಗಾಲು ಮುಂದೆ, ನಿಧಾನ. ಎಡಗಾಲು ಪಕ್ಕಕ್ಕೆ, ಬೇಗ. ಬಲಗಾಲು ಅದರ ಜತೆಗೆ ಕೂಡಿಸಿ, ಬೇಗ. ಇಷ್ಟೇ. ನಿಧಾನಕ್ಕೆ ಎರಡೆರಡು ಎಣಿಕೆ, ಬೇಗಕ್ಕೆ ಒಂದೊಂದು, ಒಟ್ಟು ಆರು. ಆದರೆ ಹಾಡು ನಾಲ್ಕರಲ್ಲಿ ನಡೀತಿರುತ್ತೆ, ನಮ್ಮ ತಕಧಿಮಿ. ಆರಕ್ಕೂ ನಾಲ್ಕಕ್ಕೂ ಹೇಗೆ ಹೊಂದಬೇಕು ಅಂತ ಮೊದಲ ದಿನ ನಾನು ಒದ್ದಾಡಿದೆ. ಚಿಕ್ಕಂದಿನಲ್ಲಿ ಸಂಗೀತದ ಮೇಷ್ಟ್ರು ತೊಡೆ ಮೇಲೆ ತಾಳ ಹಾಕಿಸಿದ್ದು ನೆನಪಾಯ್ತು. ಹೆಜ್ಜೆಯ ಎರಡು ಸುತ್ತು ಮುಗಿದರೆ ಹನ್ನೆರಡು, ತಕಧಿಮಿ ಮೂರು ಸಲ ಬಂದರೂ ಹನ್ನೆರಡು. ಎರಡೂ ಅಲ್ಲಿ ಸಮಕ್ಕೆ ಬಂದು ಕೂಡುತ್ತವೆ. ವಾಲ್ಟ್ಸ್ ಇನ್ನೂ ಸುಲಭ, ಅದು ಮೂರರ ನಡೆ, ತಕಿಟ. ನಮ್ಮಲ್ಲಿ ಭರತನಾಟ್ಯ, ಯಕ್ಷಗಾನ ಕಲಿತವರಿದ್ದರೆ ಅವರ ಕಾಲಿಗೆ ಇದು ಆಗಲೇ ಗೊತ್ತಿರುತ್ತೆ, ಹೆಸರಷ್ಟೇ ಹೊಸದು.

ನ್ಯೂಜೆರ್ಸಿಯ ಹುಡುಗಿ

ಅಂಚೆ ಪಾಠ ಭರ್ಜರಿಯಾಗಿ ನಡೀತಿತ್ತು. ಈ ನಡುವೆ ಮರ್ರೆ ನಮ್ಮ ನ್ಯೂಜೆರ್ಸಿಯ ಒಂದು ರೇಡಿಯೊ ಕೇಂದ್ರದಿಂದ ಡಾನ್ಸ್ ಪಾಠ ಪ್ರಸಾರ ಮಾಡುತ್ತಿದ್ದರು. ರೇಡಿಯೊದಲ್ಲಿ ಡಾನ್ಸ್ ಅಂದರೆ ಕಾಣಿಸೋದೂ ಇಲ್ಲ, ಮಾತಲ್ಲೇ ಕಾಲನ್ನು ನಡೆಸಬೇಕು. ಅಂಥ ಒಂದು ಪ್ರಸಾರ ನೋಡಲು ಬಂದಿದ್ದವರಲ್ಲಿ ಜರ್ಸಿ ಸಿಟಿಯ ಹುಡುಗಿಯೊಬ್ಬಳಿದ್ದಳು, ಹೆಸರು ಕ್ಯಾಥರಿನ್ ಕೋನ್‌ಫೆಲ್ಡರ್. ದೇಶಕ್ಕೆಲ್ಲ ದೂರದಿಂದ ಪಾಠ ಹೇಳುತ್ತಿದ್ದ ಮನುಷ್ಯನಿಗೆ ಸಂಗಾತಿ ಸಿಕ್ಕಿದ್ದು ಅದೇ ಕೋಣೆಯಲ್ಲಿ, ಎದುರಾಬದುರು. 1925ರ ಏಪ್ರಿಲ್ 24ರಂದು ಮದುವೆ. ಆಗ ಅವರಿಗೆ 30, ಆಕೆಗೆ 18. ಮುಂದೆ ಅವಳಿ ಹೆಣ್ಣುಮಕ್ಕಳು ಹುಟ್ಟಿದರು. ಅವರಲ್ಲಿ ಒಬ್ಬಳು ಮದುವೆಯಾಗಿದ್ದು ಡಾಕ್ಟರ್ ಹೆನ್ರಿ ಹೈಮ್ಲಿಕ್ ಅವರನ್ನು. ಗಂಟಲಲ್ಲಿ ತುತ್ತು ಸಿಕ್ಕಿಕೊಂಡರೆ ಹಿಂದಿನಿಂದ ಹೊಟ್ಟೆ ಅಮುಕಿ ಹೊರಹಾಕುವ ವಿಧಾನಕ್ಕೆ ಅವರದೇ ಹೆಸರು, ಇಲ್ಲಿನ ಹೋಟೆಲುಗಳ ಗೋಡೆ ಮೇಲೆ ಚಿತ್ರ ನೋಡಿರ್ತೀರಿ.

ಮದುವೆಯ ನಂತರ ವ್ಯಾಪಾರದ ದಿಕ್ಕೂ ಬದಲಾಯಿತು. ಅಂಚೆ ಪಾಠ ಹಿಂದಕ್ಕೆ ಸರಿದು, ನ್ಯೂಯಾರ್ಕ್‌ನ ಡಾನ್ಸ್ ಶಾಲೆ ಮುಂದಕ್ಕೆ ಬಂತು. ಪೂರ್ವ 43ನೇ ಬೀದಿಯಲ್ಲಿದ್ದ ಅವರ ಸ್ಟುಡಿಯೊ ನಗರಕ್ಕೆಲ್ಲ ಗೊತ್ತಿತ್ತು. ಕಾಗದದಿಂದ ಕಾಲು ಎಲ್ಲಿ ಇಡಬೇಕು ಅಂತ ಗೊತ್ತಾಗುತ್ತೆ. ಎದುರಿನವರು ಭಾರವನ್ನು ಯಾವ ಕಾಲಿಗೆ ಹಾಕಿದ್ದಾರೆ, ಈಗ ತಿರುಗ್ತಾರಾ, ನಿಲ್ತಾರಾ ಅನ್ನೋದು ಅಂಗೈಗೆ, ಬೆನ್ನಿಗೆ ಗೊತ್ತಾಗಬೇಕು. ಅದಕ್ಕೆ ಇನ್ನೊಬ್ಬ ಮನುಷ್ಯ ಬೇಕು. ಅಂಚೆಯಲ್ಲಿ ಗೆದ್ದವರೇ ಕೊನೆಗೆ ಕೋಣೆ ಬಾಡಿಗೆಗೆ ಹಿಡಿದು, ಟೀಚರ್‌ಗಳನ್ನು ನೇಮಿಸಿ, ಕೈ ಹಿಡಿಸಿ ಕಲಿಸತೊಡಗಿದರು.

ಎಲಿನಾರ್ ರೂಸ್‌ವೆಲ್ಟ್, ವಿಂಡ್ಸರ್ ಡ್ಯೂಕ್, ಕಿರಿಯ ರಾಕ್‌ಫೆಲರ್, ಬಾಕ್ಸಿಂಗ್ ಚಾಂಪಿಯನ್ ಜಾಕ್ ಡೆಂಪ್ಸಿ, ಎಲ್ಲರೂ ಅವರ ವಿದ್ಯಾರ್ಥಿಗಳಾಗಿದ್ದವರೇ. 1930ರ ದಶಕದಲ್ಲಿ ಬಿಗ್ ಆಪಲ್ ಎಂಬ ಗುಂಪುಕುಣಿತ ದೇಶಕ್ಕೆಲ್ಲ ಹಬ್ಬಿತು. ಅದು ಹುಟ್ಟಿದ್ದು ಸೌತ್ ಕೆರೊಲೈನಾದ ಕೊಲಂಬಿಯಾ ಊರಿನಲ್ಲಿ, ಹಳೆಯ ಯಹೂದಿ ಪ್ರಾರ್ಥನಾ ಮಂದಿರವೊಂದರಲ್ಲಿ ನಡೆಯುತ್ತಿದ್ದ ಕ್ಲಬ್ಬಿನಲ್ಲಿ, ಕಪ್ಪು ಯುವಕ ಯುವತಿಯರ ನಡುವೆ. ಅದನ್ನು ಹಬ್ಬಿಸಿ ಹೆಸರು, ದುಡ್ಡು ಮಾಡಿದವರಲ್ಲಿ ಮರ್ರೆ ಒಬ್ಬರು. ಕುಣಿತ ಕಟ್ಟಿದವರಿಗೆ ಆ ಹೆಸರಿನಲ್ಲಿ ಅಷ್ಟು ಪಾಲು ಸಿಗಲಿಲ್ಲ ಅನ್ನೋದನ್ನೂ ಹೇಳಲೇಬೇಕು. 1938ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಅವರ ಮೊದಲ ಫ್ರಾಂಚೈಸಿ ಶಾಲೆ ಶುರುವಾಯಿತು. ಅಲ್ಲಿಂದ ಬೆಳೆದು ಬೆಳೆದು ನೂರಾರು ಊರಲ್ಲಿ ಅವರ ಹೆಸರಿನ ಬೋರ್ಡು. 1942ರ ಒಂದು ಸಿನಿಮಾದಲ್ಲಂತೂ ಅವರ ಶಾಲೆಯಲ್ಲಿ ಆತುರಾತುರವಾಗಿ ಡಾನ್ಸ್ ಕಲಿತ ಪಾಡನ್ನೇ ತಮಾಷೆ ಮಾಡುವ ಹಾಡು ಬಂತು.

1950ರಲ್ಲಿ ಟಿವಿ. ದಿ ಆರ್ಥರ್ ಮರ್ರೆ ಪಾರ್ಟಿ ಎಂಬ ಕಾರ್ಯಕ್ರಮ 1960ರವರೆಗೆ ಬೇರೆ ಬೇರೆ ವಾಹಿನಿಗಳಲ್ಲಿ ನಡೆಯಿತು. ಹೆಸರು ಗಂಡನದ್ದಾದರೂ ನಡೆಸಿಕೊಟ್ಟವರು ಕ್ಯಾಥರಿನ್. ಜನ ಇಷ್ಟಪಟ್ಟಿದ್ದೂ ಅವರನ್ನೇ. ಅಂಚೆ, ರೇಡಿಯೊ, ಟಿವಿ, ಹೊಸದೇನು ಬಂದರೂ ಈ ದಂಪತಿ ಅದರೊಳಗೆ ಡಾನ್ಸ್ ಪಾಠ ತೂರಿಸಿಬಿಡುತ್ತಿದ್ದರು. ಇಂಟರ್‌ನೆಟ್ ಇದ್ದಿದ್ದರೆ ಏನು ಮಾಡುತ್ತಿದ್ದರೋ ನೀವೇ ಊಹಿಸಿ.

ಒಂಟಿತನದ ಬೆಲೆ

ಇಲ್ಲಿಗೇ ನಿಲ್ಲಿಸಿದರೆ ಇದು ಬರೀ ಸಾಧಕರ ಕಥೆ ಆಗಿಬಿಡುತ್ತೆ. ಆದರೆ ಇನ್ನೊಂದು ಮುಖ ಇದೆ, ನಮ್ಮಂಥವರು ತಿಳಿದುಕೊಳ್ಳಬೇಕಾದ್ದು.

ಮರ್ರೆ ಮಾರಿದ್ದು ಹೆಜ್ಜೆಯನ್ನಾದರೂ ಜನ ಕೊಂಡಿದ್ದು ಜತೆಯನ್ನು. ಯಾರಾದರೂ ಕೈ ಹಿಡಿದು ಒಂದು ಗಂಟೆ ನಗುನಗುತ್ತಾ ಮಾತಾಡಿದರೆ ಸಾಕು ಅನ್ನುವವರು ಆಗಲೂ ಬಹಳ ಜನ ಇದ್ದರು. ಅವರ ಹೆಸರಿನ ಶಾಲೆಗಳಲ್ಲಿ ಕೆಲವು ಅದನ್ನೇ ಬಂಡವಾಳ ಮಾಡಿಕೊಂಡವು. ಫೋನಿನಲ್ಲಿ ಸುಲಭದ ಪ್ರಶ್ನೆ ಕೇಳಿ ಬಹುಮಾನ ಬಂತು ಅನ್ನೋದು, ಆಮೇಲೆ ಕರೆಸಿಕೊಂಡು ದುಬಾರಿ ಪಾಠಕ್ಕೆ ಸಹಿ ಹಾಕಿಸೋದು, ಇಂಥವು ಜಾಸ್ತಿಯಾಗಿ, 1960ರ ಹೊತ್ತಿಗೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕಂಪನಿಯ ಮೇಲೆ ಕ್ರಮ ತೆಗೆದುಕೊಂಡಿತು.

ಇಲ್ಲಿ ಕಾನೂನು ಓದುವ ನಮ್ಮ ಗೆಳೆಯರು ಕರಾರು ಕಾನೂನಿನ ತರಗತಿಯಲ್ಲಿ ಒಂದು ಮೊಕದ್ದಮೆ ಓದಿರುತ್ತಾರೆ. ಫ್ಲಾರಿಡಾದಲ್ಲಿ 51 ವರ್ಷದ ಒಬ್ಬ ವಿಧವೆ, ಸಂಸಾರದ ಆಸರೆ ಇಲ್ಲದವರು, ಮರ್ರೆ ಹೆಸರಿನ ಶಾಲೆಯೊಂದಕ್ಕೆ ಹೋದರು. ನೀವು ತುಂಬಾ ಚೆನ್ನಾಗಿ ಕುಣೀತೀರಿ, ನಿಮ್ಮಲ್ಲಿ ಪ್ರತಿಭೆ ಇದೆ ಅಂತ ಹೊಗಳಿ ಹೊಗಳಿ, ಒಂದರ ಮೇಲೊಂದು ಹದಿನಾಲ್ಕು ಕೋರ್ಸುಗಳನ್ನು ಅವರಿಗೆ ಮಾರಿದರು. ಒಟ್ಟು 2,302 ಗಂಟೆಯ ಪಾಠ, 31,000 ಡಾಲರಿಗೂ ಹೆಚ್ಚು ಹಣ, ಅದೂ 1960ರ ದಶಕದಲ್ಲಿ. ನಿಜವಾಗಿ ನೋಡಿದರೆ ಅವರಿಗೆ ತಾಳ ಗುರುತಿಸೋದೇ ಕಷ್ಟವಾಗಿತ್ತು. ಕೆಳಗಿನ ಕೋರ್ಟು ದಾವೆಯನ್ನು ವಜಾ ಮಾಡಿತು. 1968ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ಬದಿಗಿಟ್ಟು ಆಕೆಗೆ ನ್ಯಾಯ ಕೇಳುವ ಹಕ್ಕಿದೆ ಅಂದಿತು. ವಿಷಯ ಬಲ್ಲ ಮಾರಾಟಗಾರ ಏನೂ ತಿಳಿಯದವರನ್ನು ಹೊಗಳಿ ನಂಬಿಸಿದರೆ, ಅದು ನನ್ನ ಅಭಿಪ್ರಾಯ ಅಷ್ಟೇ ಅಂತ ಆಮೇಲೆ ಜಾರಿಕೊಳ್ಳೋಕೆ ಯಾವಾಗಲೂ ಆಗಲ್ಲ ಅನ್ನೋದು ಅದರ ಸಾರ.

ಆ ಹೊತ್ತಿಗೆ ಮರ್ರೆ ಕಂಪನಿಯಿಂದ ನಿವೃತ್ತರಾಗಿದ್ದರು. ಆ ಶಾಲೆಯನ್ನು ನಡೆಸುತ್ತಿದ್ದವರೂ ಬೇರೆ. ಆದರೂ ಬೋರ್ಡಿನ ಮೇಲೆ ಅವರ ಹೆಸರಿತ್ತು. ಎಡಗಾಲು ಈಗ, ಬಲಗಾಲು ದುಡ್ಡು ಬಂದ ಮೇಲೆ ಅನ್ನೋ ಬ್ರಯನ್ ತಮಾಷೆ ಕೊನೆಗೆ ಒಬ್ಬ ಒಂಟಿ ಹೆಂಗಸಿನ ಉಳಿತಾಯವನ್ನೇ ನುಂಗುವ ಲೆಕ್ಕಾಚಾರ ಆಯಿತಲ್ಲ ಅಂತ ನನಗೆ ಬೇಜಾರಾಯಿತು. ನಾಚಿಕೆಯ ಹುಡುಗ ಒಂಟಿತನ ಏನು ಅಂತ ಗೊತ್ತಿದ್ದಕ್ಕೇ ಆ ವ್ಯಾಪಾರ ಕಟ್ಟಿದ್ದು. ಅದು ಬೆಳೆದಾಗ ಆ ಒಂಟಿತನವೇ ಸರಕಾಯಿತು. ಇದನ್ನು ಓದಿದ ರಾತ್ರಿ ನಾನು ಮಾಡಿದ ಮೊದಲ ಕೆಲಸ ನನ್ನ ಆನ್‌ಲೈನ್ ಕ್ಲಾಸಿನ ತಾನಾಗೇ ನವೀಕರಣವಾಗುವ ವಾರ್ಷಿಕ ಚಂದಾವನ್ನು ತಿಂಗಳಿಗೆ ಬದಲಾಯಿಸಿದ್ದು.

1964ರಲ್ಲಿ ನಿವೃತ್ತಿಯಾದ ಮೇಲೆ ದಂಪತಿ ಹವಾಯಿಯ ಹೊನೊಲುಲುವಿನಲ್ಲಿ ನೆಲೆಸಿದರು. ಮರ್ರೆ ಅಲ್ಲಿ ಷೇರು ವ್ಯವಹಾರ ನೋಡಿಕೊಂಡಿದ್ದರು. 1991ರ ಮಾರ್ಚ್ 3ರಂದು, 95ನೇ ವಯಸ್ಸಿನಲ್ಲಿ ತೀರಿಕೊಂಡರು. ಕ್ಯಾಥರಿನ್ ಇನ್ನೂ ಎಂಟು ವರ್ಷ ಬದುಕಿದ್ದು 1999ರಲ್ಲಿ ಹೋದರು.

ಮತ್ತೆ ಕಾರ್ಪೆಟ್ ಮೇಲೆ

ಫೆಬ್ರವರಿಯಲ್ಲಿ ನಮ್ಮ ಕ್ಲಾಸಿನವರು ವರ್ಚುವಲ್ ಕ್ಯಾಂಪ್ ಇಟ್ಟರು. ಶುಕ್ರವಾರ ಸಂಜೆಯಿಂದ ಭಾನುವಾರದವರೆಗೆ ವಾಲ್ಟ್ಸ್, ಫಾಕ್ಸ್‌ಟ್ರಾಟ್, ರುಂಬಾ. ಶನಿವಾರ ರಾತ್ರಿ ಪಾರ್ಟಿ ಕೂಡ. ಒಬ್ಬೊಬ್ಬರೂ ಅವರವರ ಅಡುಗೆಮನೆ, ಗ್ಯಾರೇಜಿನಲ್ಲಿ, ಪರದೆಯ ಮೇಲೆ ಚೌಕ ಚೌಕವಾಗಿ. ಬೇರೆ ಬೇರೆ ಟೈಮ್‌ಝೋನ್‌ನವರು, ಒಬ್ಬರಿಗೆ ಊಟದ ಹೊತ್ತು, ಇನ್ನೊಬ್ಬರಿಗೆ ಕಾಫಿ ಹೊತ್ತು. ಜೋಡಿ ಇಲ್ಲದವರು ದಿಂಬು ಹಿಡಿದುಕೊಳ್ಳಿ ಅಂದರು ಟೀಚರ್. ನಾನು ದಿಂಬು ಹಿಡಿದುಕೊಂಡೆ. ನಗಬೇಡಿ, ಆ ಎರಡು ದಿನದಲ್ಲಿ ಹೆಜ್ಜೆ ನಿಜವಾಗಿಯೂ ಕಾಲಿಗೆ ಹತ್ತಿತು. ಆನ್‌ಲೈನ್‌ನಲ್ಲಿ ಒಂದು ಅನುಕೂಲ ಇದೆ, ಅರ್ಥವಾಗದ್ದನ್ನು ರೆಕಾರ್ಡಿಂಗ್‌ನಲ್ಲಿ ಹತ್ತು ಸಲ ನೋಡಬಹುದು, ಯಾರೂ ಬೈಯಲ್ಲ. ವಸಂತ ಬರೋ ಹೊತ್ತಿಗೆ ಕಾಲುವೆ ದಂಡೆಯ ದಾರಿಯಲ್ಲಿ ನಡೆಯೋವಾಗಲೂ ನಿಧಾನ, ನಿಧಾನ, ಬೇಗ, ಬೇಗ ಅಂತಲೇ ಕಾಲು ಬೀಳ್ತಿತ್ತು.

ತೊಂದರೆ ಆಗಿದ್ದು ರೂಮ್‌ಮೇಟ್ ಜತೆ ಮೊದಲ ಸಲ ಅಭ್ಯಾಸ ಮಾಡಿದಾಗ. ದಿಂಬಿಗೆ ತನ್ನದೇ ಇಷ್ಟ ಅಂತ ಇರಲ್ಲ, ರೂಮ್‌ಮೇಟ್‌ಗೆ ಇತ್ತು. ನಾನು ಮುಂದೆ ಹೋದರೆ ಅವನೂ ಮುಂದೆ ಬಂದ. ಅವನ ಹೆಬ್ಬೆರಳು, ನನ್ನ ಮಂಡಿ, ಇಬ್ಬರಿಗೂ ಪೆಟ್ಟು. ಇಬ್ಬರೂ ಕಾರ್ಪೆಟ್ ಮೇಲೆ ಬಿದ್ದು ನಕ್ಕಿದ್ದೇ ನಕ್ಕಿದ್ದು. ಆ ಚಳಿಗಾಲದಲ್ಲಿ ನಾನು ಅಷ್ಟು ನಕ್ಕಿದ್ದು ಅದೇ ಮೊದಲು. ಆಮೇಲೆ ಪ್ರತಿ ಗುರುವಾರ ರಾತ್ರಿ ಅನ್ನ ಸಾರು ಮುಗಿದ ಮೇಲೆ ಅರ್ಧ ಗಂಟೆ ನಮ್ಮದು ಡಾನ್ಸ್ ಕ್ಲಾಸು.

ಜೂನ್‌ನಲ್ಲಿ ಮದುವೆ ಬಂತು. ನಾನು ಗೋಡೆ ಪಕ್ಕ ನಿಂತಿದ್ದೆ, ಮರ್ರೆ ಜಾಹೀರಾತಿನ ಮನುಷ್ಯನ ಹಾಗೆಯೇ. ಮದುಮಗನ ಅಜ್ಜಿ ಬಂದು ಕೈ ಚಾಚಿದರು. ನನ್ನ ಭುಜಕ್ಕೂ ಬರದಷ್ಟು ಕುಳ್ಳಗಿದ್ದರು. ಮೊದಲ ನಾಲ್ಕು ಹೆಜ್ಜೆ ಎಣಿಸಿದೆ. ಆಮೇಲೆ ಎಣಿಸೋದು ನಿಂತಿತು, ಯಾಕಂದರೆ ಅಜ್ಜಿಯ ಅಂಗೈಯೇ ಎತ್ತ ಹೋಗಬೇಕು ಅಂತ ಹೇಳುತ್ತಿತ್ತು. ನಿಜ ಹೇಳಬೇಕಂದರೆ ನಾನು ಕುಣಿಸಲಿಲ್ಲ, ಅವರೇ ನನ್ನನ್ನು ಕುಣಿಸಿದರು. ಲಡ್ಲೋ ಬೀದಿಯ ಹುಡುಗ ಮದುವೆಯಿಂದ ಮದುವೆಗೆ ಯಾಕೆ ಓಡಾಡ್ತಿದ್ದ ಅಂತ ಅವತ್ತು ಅರ್ಥವಾಯಿತು.

ಮನೆಗೆ ಬಂದು ಅಮ್ಮನಿಗೆ ಕಾಲ್ ಮಾಡಿದೆ. ಕಾರ್ಪೆಟ್ ಮೇಲಿನ ಪಾದಗಳು ಆಗಲೇ ಸವೆದು ಹರಿದುಹೋಗಿದ್ದವು. ತೆಗೆದುಬಿಡ್ಲಾ ಅಂತ ಕೇಳಿದೆ. ಅಷ್ಟಮಿವರೆಗೆ ಇರಲಿ ಬಿಡೋ ಅಂದರು.

ಹೊಸದಾಗಿ ಬಂದಿರುವ ತಮ್ಮಂದಿರು, ತಂಗಿಯರಿಗೆ ಒಂದು ಮಾತು. ಈ ಚಳಿಗಾಲದಲ್ಲಿ ಏನಾದ್ರೂ ಕಲೀರಿ, ಆನ್‌ಲೈನ್ ಆದರೂ ಪರವಾಗಿಲ್ಲ, ಸಹಿ ಹಾಕುವ ಮುಂಚೆ ಚಂದಾ ಓದಿಕೊಳ್ಳಿ. ಆದರೆ ಕಲಿತಿದ್ದನ್ನು ಕೋಣೆಯಲ್ಲೇ ಇಟ್ಟುಕೊಳ್ಳಬೇಡಿ. ಗುರುವಾರ ರಾತ್ರಿ ನಮ್ಮ ಮನೆ ಬಾಗಿಲು ತೆರೆದೇ ಇರುತ್ತೆ. ಸಾರು ಇರುತ್ತೆ, ಕಾರ್ಪೆಟ್ ಇರುತ್ತೆ. ಹೆಬ್ಬೆರಳಿನ ಜವಾಬ್ದಾರಿ ಮಾತ್ರ ನಿಮ್ಮದೇ.